ಹುಳ ಕಂಡ ಕೂಡಲೇ ಸ್ಪ್ರೇ ಹಿಡಿಯಬೇಡಿ

ಸುತ್ತ ಗಿಡಮರ, ಕೊಟ್ಟಿಗೆ, ನೀರಿನ ತೊಟ್ಟಿ ಎಲ್ಲ ಇಟ್ಟುಕೊಂಡು ಮನೆಗೆ ಒಂದೂ ಹುಳ ಬರಬಾರದು ಅಂದರೆ ಆಗುತ್ತಾ? ಹಳ್ಳಿ ಅಂದಮೇಲೆ ಹುಳ ಇದ್ದೇ ಇರುತ್ತವೆ. ಮೊದಲು ಅದು ಯಾವುದು, ಎಲ್ಲಿಂದ ಬಂತು ಅಂತ ನೋಡಿ. ಎಷ್ಟೋ ಸಲ ಔಷಧಿಯೇ ಬೇಕಾಗುವುದಿಲ್ಲ.

ಮಳೆ ಬಿದ್ದ ಸಂಜೆ ದೀಪಕ್ಕೆ ರೆಕ್ಕೆ ಹುಳ ಮುತ್ತುತ್ತವಲ್ಲ, ಅವು ಗೆದ್ದಲಿನವೇ. ಜೋಡಿ ಹುಡುಕಿಕೊಂಡು, ಹೊಸ ಗೂಡು ಹೂಡಲು ಹೊರಟಿರುತ್ತವೆ. ಒಳಗಿನ ದೀಪ ಆರಿಸಿ, ಅಂಗಳದ್ದು ಒಂದು ಉರಿಯಲಿ. ರೆಕ್ಕೆ ಉದುರಿದ ಮೇಲೆ ಬೆಳಿಗ್ಗೆ ಗುಡಿಸಿದರಾಯಿತು. ಆದರೆ ಅವು ಬಾಗಿಲ ಚೌಕಟ್ಟಿನಿಂದಲೋ ಗೋಡೆಯ ಬಿರುಕಿನಿಂದಲೋ ಹೊರಟರೆ ಗೆದ್ದಲು ಮನೆಯೊಳಗೇ ಹೊಕ್ಕಿದೆ ಅಂತ ತಿಳಿಯಿರಿ. ಮರವನ್ನು ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ತಡ ಮಾಡಬೇಡಿ. ಗೋಡೆ ಮೇಲಿನ ಮಣ್ಣಿನ ಗೆರೆ ಕೆರೆದು ಹಾಕಿದರೆ ಸಾಲದು. ಅದು ಓಡಾಡುವ ದಾರಿ ಅಷ್ಟೇ, ಗೂಡು ನೆಲದಡಿ ಇರುತ್ತದೆ. ಗೋಡೆಗೆ ಒರಗಿಸಿದ ಸೌದೆ ಸರಿಸಿ. ನೀರು ಎಲ್ಲಿ ಜಿನುಗುತ್ತಿದೆ ಹುಡುಕಿ. ಮಣ್ಣಿನ ಗೆದ್ದಲಿಗೆ ತೇವ ಬೇಕೇ ಬೇಕು.

ಮೂಲೆಯಲ್ಲಿ ಮಣ್ಣಿನ ಗೂಡು ಮೆತ್ತುವ ಕುಂಬಾರ ಹುಳವನ್ನು ಸುಮ್ನೆ ಬಿಟ್ಟುಬಿಡಿ. ಒಂಟಿ ಜೀವ ಅದು, ಹಿಡಿಯಲು ಹೋಗದಿದ್ದರೆ ಕುಟುಕುವುದಿಲ್ಲ. ಮರಿಯ ಊಟಕ್ಕೆ ಜೇಡವನ್ನೋ ಎಲೆ ತಿನ್ನುವ ಹುಳವನ್ನೋ ಕುಟುಕಿ, ಕೊಲ್ಲದೆ ಮಂಪರು ಬರಿಸಿ ಗೂಡಿಗೆ ತುಂಬುತ್ತದೆ. ಎಂಥ ಜಾಣತನ ಅಲ್ವಾ! ಗುಂಪಾಗಿ ಕಾಗದದಂಥ ಗೂಡು ಕಟ್ಟುವ ಕಡಜ ಹಾಗಲ್ಲ. ಅದು ಬಾಗಿಲ ಮೇಲೆ ಕಟ್ಟಿದರೆ ತಿಳಿದವರನ್ನು ಕರೆಸಿ. ಜೇನು ಚುಚ್ಚಿದರೆ ಮುಳ್ಳನ್ನು ಆ ಕ್ಷಣವೇ ಉಗುರಿನಿಂದ ಕೆರೆದು ತೆಗೆಯಿರಿ. ಮುಖ ಊದಿತು, ಉಸಿರು ಕಟ್ಟಿತು ಅಂದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಹೋಗಿ.

ಸೊಳ್ಳೆ ವಿಷಯದಲ್ಲಿ ಮಾತ್ರ ನನಗೆ ಕರುಣೆ ಇಲ್ಲ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ. ತೊಟ್ಟಿಯ ಒಳಮೈಯನ್ನೂ ಗಟ್ಟಿಯಾಗಿ ತಿಕ್ಕಿ. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಕಾದು, ನೀರು ತಾಗಿದಾಗ ಒಡೆಯುತ್ತವೆ. ಈ ಸೊಳ್ಳೆ ಹಗಲಲ್ಲೇ ಜಾಸ್ತಿ ಕಚ್ಚುವುದು, ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಕಟ್ಟಿ.

ಧಾನ್ಯಕ್ಕೆ ನುಸಿ ಬಿದ್ದರೆ ಕಣ್ಣಿಗೆ ಕಂಡದ್ದನ್ನು ಆರಿಸಿದರೆ ಮುಗಿಯಲಿಲ್ಲ, ಮೊಟ್ಟೆ ಕಾಳಿನ ಒಳಗೇ ಇರುತ್ತದೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ.

ಇನ್ನೊಂದು ಮರೆತಿದ್ದೆ. ರಾತ್ರಿ ದೀಪಕ್ಕೆ ಕಪ್ಪು, ಕಿತ್ತಳೆ ಪಟ್ಟಿಯ ಸಣಕಲು ಹುಳ ಒಂದು ಬರುತ್ತದೆ. ಕುತ್ತಿಗೆ ಮೇಲೆ ಕೂತರೆ ಹೊಸಕಬೇಡಿ, ಊದಿ ಹಾರಿಸಿ. ಅದರ ಮೈರಸ ತಾಗಿದ ಜಾಗ ಒಂದೆರಡು ದಿನದಲ್ಲಿ ಸುಟ್ಟಂತೆ ಬೊಬ್ಬೆ ಏಳುತ್ತದೆ. ಗೊತ್ತಿಲ್ಲದೆ ಹೊಸಕಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮಾತ್ರ ಉಜ್ಜಬೇಡಿ.