ಮಿಷನ್ ಯಾತ್ರೆಗೆ ಟೂಲ್‌ಬಾಕ್ಸ್ ಕಟ್ಟಿಕೊಂಡದ್ದು

ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್) ರಿಪೇರಿ ಮಾಡುವುದು ನನ್ನ ಕಸುಬು. ಇಂಥವನು ನಮ್ಮ ಚರ್ಚಿನ ಸಭೆಯ ತಂಡದ ಜೊತೆ ಕೀನ್ಯಾಕ್ಕೆ ಸೇವೆಗೆ ಹೊರಟಿದ್ದಾನೆಂದು ಗೊತ್ತಾದಾಗ ಜೆಟ್ಟಿಯಲ್ಲಿ ಎಲ್ಲರ ಪ್ರಶ್ನೆ ಒಂದೇ: ‘ನೀನು ಅಲ್ಲಿ ಹೋಗಿ ಪ್ರಸಂಗ ಮಾಡ್ತೀಯಾ?’ ಪ್ರಸಂಗ, ಅಂದರೆ ಆಲಯದಲ್ಲಿ ಮಾಡುವ ಉಪದೇಶ, ನನಗೆ ಬರುವುದಿಲ್ಲ. ಕರೆದವರಿಗೂ ಅದು ಬೇಕಿರಲಿಲ್ಲ.

ಕರೆ ಬಂದದ್ದು ವಿಕ್ಟೋರಿಯಾ ಸರೋವರದ ದಂಡೆಯ ಹೋಮಾ ಬೇ ಕಡೆಯಿಂದ. ಅಲ್ಲಿಯ ಒಂದು ಸಭೆ ಹುಡುಗರಿಗೆ ಕೈಕೆಲಸ ಕಲಿಸುವ ಸಣ್ಣ ಶಾಲೆ ನಡೆಸುತ್ತದೆ. ಸರೋವರದ ಮೀನುಗಾರರೂ ನಮ್ಮ ಗಿಲ್‌ನೆಟ್ ದೋಣಿಗಳವರ ಹಾಗೆ ಔಟ್‌ಬೋರ್ಡನ್ನೇ ನಂಬಿದವರು. ಶಾಲೆಯ ಮೇಷ್ಟ್ರಿಗೆ ಬೈಕ್ ಎಂಜಿನ್ ಚೆನ್ನಾಗಿ ಗೊತ್ತು, ದೋಣಿಯ ಎಂಜಿನ್ ಗೊತ್ತಿಲ್ಲ. ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಅವರ ಸಭಾಪಾಲಕರು (ಪಾಸ್ಟರ್) ನಮ್ಮ ಸಭಾಪಾಲಕರನ್ನು ಕೇಳಿದ್ದರು. ಕೋರಿಕೆ ಇಷ್ಟೇ.

ಆದರೆ ನಮ್ಮ ಕಮಿಟಿ ಕೂತು ಮಾಡಿದ ಪಟ್ಟಿಯಲ್ಲಿ ಎಂಜಿನ್ ಕೊನೆಗೆ ಹೋಗಿತ್ತು. ಮೊದಲು ಮಕ್ಕಳ ಸತ್ಯವೇದ (ಬೈಬಲ್) ಶಿಬಿರ, ಆಮೇಲೆ ಬೀದಿನಾಟಕ, ಆಮೇಲೆ ಅವರ ಆಲಯಕ್ಕೆ ಬಣ್ಣ ಹೊಡೆಯುವುದು. ಬಣ್ಣದ ಮಾತು ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ. ಯಾಕೆಂದರೆ ನಾವು ಅತಿಥಿಗಳನ್ನು ಬರಮಾಡಿಕೊಂಡು ಅನುಭವ ಇರುವ ಜನ. ನಾನು ಹುಡುಗನಾಗಿದ್ದಾಗ ಹೊರದೇಶದ ಒಂದು ತಂಡ ಬಂದು ಮೇ ತಿಂಗಳಲ್ಲಿ ನಮ್ಮ ಕಂಪೌಂಡಿನ ಗೋಡೆಗೆ ಆಕಾಶನೀಲಿ ಬಣ್ಣ ಬಳಿದು, ಅದರ ಮುಂದೆ ನಮ್ಮನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಯಿತು. ಒಳ್ಳೆಯ ಜನ, ಪ್ರೀತಿಯ ಜನ. ಹಳೇ ಸುಣ್ಣ ಕೆರೆಯದೆ ಹೊಡೆದ ಬಣ್ಣ ಕಾರವಾರದ ಮಳೆಗೆ ಎಷ್ಟು ದಿನ ನಿಂತೀತು? ಆಗಸ್ಟ್ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬಂತು. ನಮ್ಮ ಸಭೆಯಲ್ಲೇ ಇದ್ದ ಪೇಂಟರ್ ಒಬ್ಬರು ಆ ವಾರವೆಲ್ಲ ಕೆಲಸವಿಲ್ಲದೆ ಕೂತು ಅದನ್ನು ನೋಡಿದ್ದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಇದನ್ನು ಕಮಿಟಿಯಲ್ಲಿ ಹೇಳಿದೆ. ಹಿರಿಯರಿಬ್ಬರಿಗೆ ಆ ಗೋಡೆ ನೆನಪಿತ್ತು. ನಮ್ಮ ಪಟ್ಟಿಯನ್ನು ಬದಿಗಿಟ್ಟು, ನಾವು ಬಂದರೆ ನಿಮಗೆ ಏನು ಬೇಕು, ಏನು ಬೇಡ ಎಂದು ಅವರನ್ನೇ ಕೇಳುವುದೆಂದು ತೀರ್ಮಾನವಾಯಿತು. ‘ಏನು ಬೇಡ’ ಎನ್ನುವುದನ್ನು ಸೇರಿಸಲೇಬೇಕೆಂದು ಹಟ ಹಿಡಿದವನು ನಾನು. ಅತಿಥಿಗೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ನಾವೇ ಬಾಗಿಲು ತೆರೆದು ಕೇಳಬೇಕು.

ಉತ್ತರ ಬಂತು. ಮಕ್ಕಳ ಶಿಬಿರ ಬೇಡ, ಆಗ ಶಾಲೆ ನಡೆಯುತ್ತಿರುತ್ತದೆ. ಬಣ್ಣ ಬೇಡ. ಎಂಜಿನ್ ತರಬೇಡಿ, ಒಂದು ದೋಣಿಯವನಿಗೆ ಸಿಕ್ಕರೆ ಹತ್ತು ದೋಣಿಯವರು ಮುನಿಸಿಕೊಳ್ಳುತ್ತಾರೆ. ಸಾಕ್ಷಿ (ದೇವರ ಬಗ್ಗೆ ನಮ್ಮ ಸ್ವಂತ ಅನುಭವ) ಹೇಳುವುದಾದರೆ ಐದು ನಿಮಿಷ. ಕೊನೆಯಲ್ಲಿ ಅಲ್ಲಿಯ ಸಭಾಪಾಲಕರು ನಗುವಿನ ಗುರುತು ಹಾಕಿ ಬರೆದಿದ್ದರು: ದಯವಿಟ್ಟು ಲೂಕ 5 ಬೇಡ. ಬೈಬಲಿನ ಆ ಅಧ್ಯಾಯದಲ್ಲಿ ಬರುವ ಪೇತ್ರನ ದೋಣಿ, ಬಲೆ ತುಂಬಿದ ಮೀನು. ಮೀನುಗಾರರ ಊರಿಗೆ ಬಂದ ಅತಿಥಿಗಳೆಲ್ಲ ಅದನ್ನೇ ಹೇಳಿ ಹೋಗಿದ್ದಾರಂತೆ. ನಮ್ಮ ತಂಡದಲ್ಲಿ ಇಬ್ಬರು ಅದನ್ನೇ ತಯಾರಿ ಮಾಡಿಕೊಂಡಿದ್ದರು.

ಅಲ್ಲಿಂದ ನನ್ನ ತಯಾರಿಯ ದಿಕ್ಕೇ ಬದಲಾಯಿತು. ಶಾಲೆ ತುಂಬ ಹುಡುಗರಿದ್ದರೂ ನಾನು ಕಲಿಸಬೇಕಾದದ್ದು ಒಬ್ಬ ಮೇಷ್ಟ್ರಿಗೆ. ಹುಡುಗರಿಗೆ ಅವರು ಕಲಿಸುತ್ತಾರೆ, ನಾನು ವಾಪಸ್ ಬಂದ ಮೇಲೂ ಕಲಿಸುತ್ತಲೇ ಇರುತ್ತಾರೆ. ಕೇಳಲು ಸುಲಭ. ಆದರೆ ಮೆಕ್ಯಾನಿಕ್ಕಿನ ಕೈ ಸುಮ್ಮನಿರುವುದಿಲ್ಲವಲ್ಲ. ಎದುರಿಗಿದ್ದವನು ಸ್ಪ್ಯಾನರ್ ತಪ್ಪು ಕೋನದಲ್ಲಿ ಹಾಕಿದರೆ ಸಾಕು, ‘ಇಲ್ಲಿ ಕೊಡು’ ಎಂದು ಕಸಿದುಕೊಳ್ಳುತ್ತದೆ. ಅದಕ್ಕಾಗಿ ಸಭೆಯ ಒಬ್ಬ ಕಾಲೇಜು ಹುಡುಗನನ್ನು ಶನಿವಾರ ಸಂಜೆ ಅಂಗಡಿಗೆ ಕರೆಸಿ, ಹಳೆಯ ಎಂಜಿನ್ನಿನ ಕೆಳಭಾಗ ಬಿಚ್ಚಿಸಿ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಎಲೆಗಳ ಚಕ್ರ) ಬದಲಾಯಿಸುವುದನ್ನು ಕಲಿಸಿದೆ. ನಿಯಮ ಒಂದೇ: ನನ್ನ ಎರಡೂ ಕೈ ಬೆನ್ನ ಹಿಂದೆ. ಬಾಯಲ್ಲೇ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ‘ಪುಷ್’, ‘ಪುಲ್’, ‘ಸ್ಲೋ’, ‘ಸ್ಟಾಪ್’ ಇಷ್ಟರಲ್ಲೇ ಸಂಸಾರ. ಹುಡುಗ ಇಂಪೆಲ್ಲರ್ ಕೂರಿಸುವಾಗ ರಬ್ಬರಿನ ಎಲೆಗಳನ್ನು ಉಲ್ಟಾ, ಶಾಫ್ಟ್ ತಿರುಗುವ ಕಡೆಗೇ ಮಡಿಸಿದ. ನನ್ನ ಬೆರಳು ಬೆನ್ನ ಹಿಂದೆ ಚಡಪಡಿಸುತ್ತಿದ್ದವು. ‘ವೇಟ್. ಲುಕ್. ವಿಚ್ ವೇ ಟರ್ನ್?’ ಎಂದೆ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದ, ನಕ್ಕ, ಬಿಚ್ಚಿ ಸರಿಯಾಗಿ ಹಾಕಿದ. ನಾನು ಮಾಡಿದ್ದರೆ ಎರಡು ನಿಮಿಷದ ಕೆಲಸ. ಅವನಿಗೆ ಸಂಜೆಯೇ ಹಿಡಿಯಿತು, ಆದರೆ ಮುಂದಿನ ಶನಿವಾರ ನಾನು ಬಾಯಿ ಬಿಡಬೇಕಾಗಲಿಲ್ಲ. ಹೊರಡುವವರೆಗೂ ಇದೇ ನಡೆಯಿತು. ಪ್ರಾರ್ಥನೆಯನ್ನು ಬಿಟ್ಟರೆ ನನ್ನ ತಯಾರಿಯಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು.

ಇಂಪೆಲ್ಲರನ್ನೇ ಯಾಕೆ ಆರಿಸಿಕೊಂಡೆ ಎಂದರೆ, ಅಲ್ಲಿಯ ಎಂಜಿನ್‌ಗಳ ಕಾಯಿಲೆ ಬೇರೆ. ನಮ್ಮಲ್ಲಿ ಎಂಜಿನ್ನನ್ನು ಕೊಲ್ಲುವುದು ಉಪ್ಪು, ಅದರ ಮೇಲೆ ಸೀಮೆಎಣ್ಣೆಯ ಮಸಿ. ಅಲ್ಲಿ ಸಿಹಿನೀರು, ಪೆಟ್ರೋಲು. ಉಪ್ಪಿನ ಕಾಟವಿಲ್ಲ. ಆದರೆ ಸರೋವರದ ತುಂಬ ಜಲಕುಂಭಿ (ವಾಟರ್ ಹಯಸಿಂತ್) ಕಳೆ. ಅದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ, ತಂಪುನೀರು ಎಳೆಯುವ ಕಿಂಡಿಗೆ ಅಡರುತ್ತದೆ. ನೀರು ಬಾರದೆ ಪಂಪು ಒಣಗಿ ತಿರುಗಿದರೆ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಆಮೇಲೆ ಎಂಜಿನ್ ಬಿಸಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದೆಲ್ಲ ಗೊತ್ತಾದದ್ದು ವಾಟ್ಸಾಪಿನಲ್ಲಿ. ಪ್ರತಿ ಎಂಜಿನ್ನಿನ ಮಾಡೆಲ್ ಫಲಕದ ಫೋಟೋ, ಕೆಟ್ಟುಹೋದ ಬಿಡಿಭಾಗಗಳ ಫೋಟೋ ಕಳಿಸಿ ಎಂದು ಮೇಷ್ಟ್ರಿಗೆ ಕೇಳಿದ್ದೆ. ಕಳಿಸಿದ ಇಂಪೆಲ್ಲರುಗಳಲ್ಲಿ ಎಲೆಯೇ ಉಳಿದಿರಲಿಲ್ಲ.

ಹಾಗಾಗಿ ಪೆಟ್ಟಿಗೆಗೆ ಹೋದದ್ದು ಆ ಮಾಡೆಲ್‌ಗಳಿಗೆ ಹೊಂದುವ ಇಂಪೆಲ್ಲರ್, ಗ್ಯಾಸ್ಕೆಟ್, ಸ್ಪಾರ್ಕ್ ಪ್ಲಗ್, ಸಣ್ಣ ಸಂದು ಅಳೆಯುವ ಒಂದು ಫೀಲರ್ ಗೇಜ್. ಅಲ್ಲೇ ಸಿಗುವ ಸ್ಪ್ಯಾನರ್ ಸೆಟ್ಟನ್ನು ಹೊತ್ತೊಯ್ಯಲಿಲ್ಲ. ಟೂಲ್ ಒಯ್ಯುವವರಿಗೆ ಒಂದು ಮಾತು: ಉಪಕರಣಗಳೆಲ್ಲ ಚೆಕ್‌ಇನ್ ಬ್ಯಾಗಿಗೆ. ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ ಡಬ್ಬಿ ಯಾವ ಬ್ಯಾಗಿನಲ್ಲೂ ವಿಮಾನ ಹತ್ತುವಂತಿಲ್ಲ. ಪೆಟ್ರೋಲ್ ವಾಸನೆ ಇರುವ ಹಳೆಯ ಭಾಗಗಳನ್ನೂ ತಡೆಯುತ್ತಾರೆ, ಮಾದರಿ ತೋರಿಸಬೇಕೆಂದರೆ ಹೊಸ ಭಾಗವನ್ನೇ ಒಯ್ಯಿರಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಎಲ್ಲವನ್ನೂ ಬಟ್ಟೆಯ ಚೀಲದಲ್ಲಿ ಕಟ್ಟಿದೆವು. ಅಲ್ಲಿಯ ಪ್ಲಗ್ ಪಾಯಿಂಟ್ ಚಪ್ಪಟೆ ಮೂರು ಕಡ್ಡಿಯದು, ಅಡಾಪ್ಟರ್ ಬೇಕು.

ಕಾಗದಪತ್ರದ ವಿಷಯ. ಕ್ರೈಸ್ತ ಮನೆತನದವರಿಗೆ ಪಾಸ್‌ಪೋರ್ಟಿನಲ್ಲಿ ಬರುವ ತಕರಾರು ಹೆಸರಿನದು. ದೀಕ್ಷಾಸ್ನಾನದ ಪತ್ರದಲ್ಲಿ ಒಂದು, ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ನಮ್ಮ ತಂಡದ ಒಬ್ಬರಿಗೆ ಫರ್ನಾಂಡಿಸ್ ಕೊನೆಗೆ ಎಸ್ ಇದೆಯೋ ಝಡ್ ಇದೆಯೋ ಎನ್ನುವುದನ್ನು ಸರಿಪಡಿಸಿಕೊಂಡು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಟಿಕೆಟ್ ತೆಗೆಯುವ ಮುಂಚೆ ಎಲ್ಲರ ದಾಖಲೆಗಳನ್ನು ಒಂದೇ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ತಾಳೆ ನೋಡುವುದು ಒಳ್ಳೆಯದು. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಇರಲಿ.

2024ರ ಜನವರಿಯಿಂದ ಕೀನ್ಯಾಕ್ಕೆ ಹಳೆಯ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪರವಾನಗಿ ಬಂದಿದೆ. ಸರಕಾರದ ವೆಬ್‌ಸೈಟಿನ ಹಾಗೆಯೇ ಕಾಣುವ, ಹೆಚ್ಚು ದುಡ್ಡು ಕೀಳುವ ತಾಣಗಳೂ ಇವೆ, ಹುಷಾರು. ಅದಕ್ಕಿಂತ ಮುಖ್ಯವಾದದ್ದು ಅರ್ಜಿಯಲ್ಲಿ ನಿಜ ಹೇಳುವುದು. ‘ಟೂರಿಸ್ಟ್ ಅಂತ ಬರೆದರಾಯ್ತು, ಯಾರು ನೋಡ್ತಾರೆ’ ಎನ್ನುವ ಸಲಹೆ ಕೊಡುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ದೇಶದಲ್ಲೇ ಮಿಷನರಿಗಳಿಗೆ ಬೇರೆ ವೀಸಾ ಇದೆ, ಪ್ರವಾಸಿ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡುವಂತಿಲ್ಲ. ಕೀನ್ಯಾದಲ್ಲೂ ಧಾರ್ಮಿಕ ಮತ್ತು ದತ್ತಿ ಕೆಲಸಕ್ಕೆ ‘ಕ್ಲಾಸ್ ಐ’ ಎಂಬ ಪರ್ಮಿಟ್ ಇದೆ, ಅಲ್ಪಾವಧಿಗೆ ಸ್ಪೆಷಲ್ ಪಾಸ್ ಇದೆ. ನಾವು ಮಾಡಲಿರುವ ಕೆಲಸವನ್ನು ಸ್ಪಷ್ಟವಾಗಿ ಬರೆದುಕೊಟ್ಟು, ಯಾವುದರಲ್ಲಿ ಬರಬೇಕೆಂದು ಅಲ್ಲಿಯ ಸಭೆಯೇ ವಲಸೆ ಕಚೇರಿಯಲ್ಲಿ ವಿಚಾರಿಸಿ ತಿಳಿಸಲಿ ಎಂದೆವು. ಎಡವಟ್ಟಾದರೆ ನಾವು ವಿಮಾನ ಹತ್ತಿ ಬರುತ್ತೇವೆ, ಉತ್ತರ ಹೇಳುತ್ತ ಉಳಿಯುವವರು ಅವರು.

ಆರೋಗ್ಯದ ಜವಾಬ್ದಾರಿ ಹೊತ್ತವರು ತಂಡದಲ್ಲಿದ್ದ ಶಿರಸಿಯ ನರ್ಸ್. ಹಳದಿ ಜ್ವರದ ಚುಚ್ಚುಮದ್ದು ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ನಮಗೆ ಹತ್ತಿರದ್ದು ಗೋವಾದ ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿ. ಸೀಸೆ ಒಡೆದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಡೋಸ್ ಮುಗಿಸಬೇಕಾದ್ದರಿಂದ ಇಂಥ ಕಡೆ ವಾರದ ಗೊತ್ತಾದ ದಿನ ಮಾತ್ರ ಕೊಡುವುದು ರೂಢಿ, ಫೋನ್ ಮಾಡಿಯೇ ಹೋಗಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಪ್ರಮಾಣಪತ್ರಕ್ಕೆ ಜೀವ ಬರುತ್ತದೆ, 2016ರಿಂದ ಅದು ಜೀವಮಾನಪೂರ್ತಿ ಚಾಲ್ತಿ. ಆ ಹಳದಿ ಪುಸ್ತಕವನ್ನು ಕೇಳುವವರು ಮುಖ್ಯವಾಗಿ ನಮ್ಮವರೇ. ಕೀನ್ಯಾದಿಂದ ವಾಪಸ್ ಬರುವಾಗ ಅದಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ‘ಇದೆಲ್ಲ ಬೇಕಾ?’ ಎಂದು ಒಬ್ಬರು ಗೊಣಗಿದಾಗ ನರ್ಸ್ ಹೇಳಿದರು: ಸಿದ್ದಾಪುರ, ಶಿರಸಿ ಕಡೆ ಬೇಸಿಗೆ ಬಂತೆಂದರೆ ಹೆದರುವ ಮಂಗನ ಕಾಯಿಲೆ ಇದೆಯಲ್ಲ, ಅದರ ವೈರಸ್ಸೂ ಇದರ ವೈರಸ್ಸೂ ಒಂದೇ ಕುಲದವು. ಅದು ಉಣ್ಣೆ ಹುಳದಿಂದ (ಉಣುಗು), ಇದು ಸೊಳ್ಳೆಯಿಂದ. ಗೊಣಗಾಟ ನಿಂತಿತು.

ಮಲೇರಿಯಾಕ್ಕೆ ನನಗೆ ಡಾಕ್ಟರು ಬರೆದದ್ದು ಡಾಕ್ಸಿಸೈಕ್ಲಿನ್. ಹೊರಡುವ ಒಂದೆರಡು ದಿನ ಮುಂಚೆ ಶುರು, ದಿನಕ್ಕೊಂದು, ಬಂದ ಮೇಲೂ ನಾಲ್ಕು ವಾರ. ಅದನ್ನು ತಿಂದವರಿಗೆ ಬಿಸಿಲು ಬೇಗ ಸುಡುತ್ತದೆ, ಟೊಪ್ಪಿ ಬೇಕು. ಎಲ್ಲರಿಗೂ ಅದೇ ಮಾತ್ರೆ ಒಗ್ಗುವುದಿಲ್ಲ, ನಿಮ್ಮ ವೈದ್ಯರನ್ನು ಕೇಳಿ.

ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ ಸೂಚನೆ ಬೇರೆ: ಸರೋವರದ ನೀರಿಗೆ ಕಾಲಿಡಬಾರದು. ದಂಡೆಯ ನೀರಿನಲ್ಲಿರುವ ಒಂದು ಜಾತಿಯ ಬಸವನಹುಳುವಿನಿಂದ ಬಿಲ್ಹಾರ್ಜಿಯಾ ಎಂಬ ಕಾಯಿಲೆ ತರುವ ಹುಳದ ಮರಿಗಳು ಹೊರಬಿದ್ದು ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ಎಂಜಿನ್ ರಿಪೇರಿ ಎಂದರೆ ನಮಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಡುವುದೇ ಅಭ್ಯಾಸ. ಆದ್ದರಿಂದ ಎಂಜಿನ್ನನ್ನು ಬಿಚ್ಚಿ ದಡದ ಮೇಲೆ ಮರದ ಸ್ಟ್ಯಾಂಡಿಗೆ ಕಟ್ಟಿ, ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ ನೋಡುವ ವ್ಯವಸ್ಥೆ ಬೇಕೆಂದು ಮೊದಲೇ ಚಿತ್ರ ಬರೆದು ಕಳಿಸಿದೆ. ನಾವು ಹೋಗುವಷ್ಟರಲ್ಲಿ ಹುಡುಗರೇ ಸ್ಟ್ಯಾಂಡ್ ಮಾಡಿಟ್ಟಿದ್ದರು, ನನ್ನ ಚಿತ್ರಕ್ಕಿಂತ ಗಟ್ಟಿಯಾಗಿ.

ಕಾಲ ಆರಿಸುವುದರಲ್ಲೂ ಲೆಕ್ಕವಿತ್ತು. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳು. ದೋಣಿಗಳು ದಡಕ್ಕೆ ಬಂದಾಗಲೇ ನಮ್ಮ ಅಂಗಡಿಗೆ ದುಡಿಮೆ, ಆಗ ಹೋಗುವ ಮಾತೇ ಇಲ್ಲ. ಅಲ್ಲಿ ಮಾರ್ಚಿನಿಂದ ದೊಡ್ಡ ಮಳೆ. ಜನವರಿ ಕೊನೆಗೆ ಹೊರಟೆವು.

ದುಡ್ಡು ಅರ್ಧ ನಮ್ಮ ಕೈಯಿಂದ, ಉಳಿದದ್ದು ಸಭೆಯಿಂದ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ತೆಂಗಿನಕಾಯಿ ಕೈಯಿಂದ ಕೈಗೆ ತಿರುಗಿ ಸಾವಿರ ದಾಟಿತು. ಕೊನೆಗೆ ಕೊಂಡವರು ಅದನ್ನು ಮತ್ತೆ ಹರಾಜಿಗೇ ಕೊಟ್ಟರು. ಜಮಾಖರ್ಚು ಆಲಯದ ಬೋರ್ಡಿಗೆ ಹಚ್ಚಿದೆವು. ವಿಮಾನದ ದುಡ್ಡನ್ನೇ ಅವರಿಗೆ ಕಳಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ಒಬ್ಬ ಅಜ್ಜಿ ಕೇಳಿದರು. ನ್ಯಾಯವಾದ ಪ್ರಶ್ನೆ. ಬಣ್ಣ ಹೊಡೆಯಲು ಹೋಗುವುದಿದ್ದರೆ ಅವರ ಮಾತೇ ಸರಿಯಿತ್ತು. ಈ ಪ್ರಶ್ನೆಯಿಂದಾಗಿಯೇ ತಂಡವನ್ನು ಸಣ್ಣದು ಮಾಡಿದೆವು. ಕೆಲಸವಿಲ್ಲದೆ ಬರಿದೇ ಉತ್ಸಾಹವಿದ್ದವರು ಊರಲ್ಲೇ ಉಳಿದು ಪ್ರಾರ್ಥನೆ ಮಾಡಲಿ ಎಂದಾಗ ಕೆಲವರಿಗೆ ಸಿಟ್ಟು ಬಂತು. ಬರಲಿ.

ಐದು ನಿಮಿಷದ ಸಾಕ್ಷಿಯನ್ನು ಅನುವಾದಕರಿಗೆ ಒಗ್ಗುವಂತೆ ಸಣ್ಣ ವಾಕ್ಯಗಳಲ್ಲಿ ಬರೆದು, ಪ್ರತಿ ವಾಕ್ಯಕ್ಕೂ ನಿಲ್ಲುವುದನ್ನು ಅಭ್ಯಾಸ ಮಾಡಿದೆ. ಅಲ್ಲಿಯ ಜನರ ಲುವೊ ಭಾಷೆಯಲ್ಲಿ ‘ಎರೊಕಮಾನೊ’ ಎಂದು ಧನ್ಯವಾದ ಹೇಳಲು ಕಲಿತೆ. ಉಪ್ಪಿನಕಾಯಿ ಒಯ್ಯುವುದು ಬೇಡವೆಂದು ತೀರ್ಮಾನಿಸಿದೆವು, ಬಡಿಸಿದ್ದನ್ನು ಉಣ್ಣಿರಿ ಎಂಬ ಅರ್ಥದ ಮಾತು ಲೂಕ 10ರಲ್ಲಿ ಇದೆಯಲ್ಲ, ಆ ಲೂಕನಿಗೆ ಅವರ ತಕರಾರಿರಲಿಲ್ಲ. ಉಗಾಲಿಯ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಜೊತೆ ಒಮೆನಾ ಎಂಬ ಸಣ್ಣ ಒಣಮೀನು ಬಡಿಸಿದರು. ಕರಾವಳಿಯವರಿಗೆ ಒಣಮೀನು ತಿನ್ನುವುದನ್ನು ಯಾರು ಕಲಿಸಬೇಕು? ಮಕ್ಕಳ ಫೋಟೋವನ್ನು ಮನೆಯವರನ್ನು ಕೇಳದೆ ತೆಗೆಯುವುದಿಲ್ಲ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದೇ ಇಲ್ಲ ಎಂದು ಎಲ್ಲರೂ ಸಹಿ ಮಾಡಿದ ಕಾಗದ ಮತ್ಸ್ಯಗಂಧಾ ರೈಲು ಹತ್ತುವ ಮುಂಚೆಯೇ ಸಭಾಪಾಲಕರ ಕೈಸೇರಿತ್ತು.

ಬಂದ ಮೇಲಿನದನ್ನೂ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಮಾತ್ರೆ ನಡುವೆ ನಿಲ್ಲಿಸಬಾರದು. ನೀರು ತಾಗಿದವರು ಮೂರು ತಿಂಗಳ ನಂತರ ಬಿಲ್ಹಾರ್ಜಿಯಾ ಪರೀಕ್ಷೆ ಮಾಡಿಸಬೇಕು. ಬಂದ ಕೆಲವು ತಿಂಗಳೊಳಗೆ ಜ್ವರ ಬಂದರೆ ಕಾರವಾರದ ಯಾವ ವೈದ್ಯರೂ ಮೊದಲು ಡೆಂಗಿಯನ್ನೋ ಇಲಿಜ್ವರವನ್ನೋ ಶಂಕಿಸುವುದು ಸಹಜ. ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಎನ್ನುವುದನ್ನು ಬಾಗಿಲಲ್ಲೇ ಹೇಳಿ, ಅವತ್ತೇ ಮಲೇರಿಯಾಕ್ಕೆ ರಕ್ತಪರೀಕ್ಷೆ ಕೇಳಿ. ಈ ಮಾತನ್ನು ಮನೆಯವರಿಗೂ ಹೇಳಿಡಿ, ಜ್ವರ ನೆತ್ತಿಗೇರಿದವನಿಗೆ ಅದು ನೆನಪಿರುವುದಿಲ್ಲ.