ಡೀಸೆಲ್ ಟ್ರಕ್ಕಿಗೆ ಪ್ರೊಪೇನ್ ಜೋಡಿಸುವ ಮುನ್ನ ಮತ್ತು ಜೋಡಿಸುವಾಗ

ಅಮೆರಿಕದಲ್ಲಿ ಹಳೆಯ ಡೀಸೆಲ್ ಪಿಕಪ್ ಟ್ರಕ್ಕುಗಳನ್ನು ಇಟ್ಟುಕೊಂಡು ಟ್ರೇಲರ್ ಎಳೆಯುವವರಲ್ಲಿ, ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಗೆ ಒಂದಿಷ್ಟು ಪ್ರೊಪೇನ್ ಅನಿಲವನ್ನು (ನಮ್ಮ ಅಡುಗೆ ಅನಿಲದಲ್ಲೂ ಇರುವಂಥದ್ದು) ಬೆರೆಸಿ ಡೀಸೆಲ್ ಖರ್ಚನ್ನು ತಗ್ಗಿಸುವ ಪದ್ಧತಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಕಮಿನ್ಸ್ 5.9 ಲೀಟರ್, ಫೋರ್ಡ್‌ನ 7.3 ಲೀಟರ್ ಪವರ್ ಸ್ಟ್ರೋಕ್‌ನಂಥ ಎಂಜಿನ್‌ಗಳಲ್ಲಿ ಇದನ್ನು ಹೆಚ್ಚಾಗಿ ಮಾಡುತ್ತಾರೆ. ಸರಿಯಾಗಿ ಜೋಡಿಸಿದರೆ ಡೀಸೆಲ್ ಬಳಕೆ ನಿಜವಾಗಿಯೂ ಇಳಿಯುತ್ತದೆ. ಆದರೆ ಡೀಸೆಲ್ ಉಳಿದ ಮಾತ್ರಕ್ಕೆ ಹಣ ಉಳಿಯಿತೆಂದು ತಿಳಿಯಬಾರದು. ಆದ್ದರಿಂದ ಈ ಕೆಲಸವನ್ನು ಸ್ಪ್ಯಾನರಿನಿಂದಲ್ಲ, ಕಾಗದ ಪೆನ್ನಿನಿಂದ ಆರಂಭಿಸಬೇಕು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಗಾಳಿಯ ಬಿಸಿಗೆ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪ್ರೊಪೇನ್ ಹಾಗೆ ಹೊತ್ತಿಕೊಳ್ಳಬೇಕಾದರೆ 450 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಬಿಸಿ ಬೇಕು. ಡೀಸೆಲ್‌ಗೆ ಅದರ ಅರ್ಧದಷ್ಟಿದ್ದರೆ ಸಾಕು. ಹೀಗಾಗಿ ಗಾಳಿಯೊಡನೆ ಒಳಗೆ ಬಂದ ಪ್ರೊಪೇನ್, ಡೀಸೆಲ್ ಹೊತ್ತಿಕೊಂಡ ಮೇಲೆ ಆ ಬೆಂಕಿಯಿಂದ ಉರಿಯುತ್ತದೆ. ಪ್ರೊಪೇನ್ ಬೆರೆಸಿದರೆ ಡೀಸೆಲ್ ಪೂರ್ತಿಯಾಗಿ ಸುಟ್ಟು ಮೈಲೇಜು ವಿಪರೀತ ಏರುತ್ತದೆ ಎಂದು ಕಿಟ್ ಮಾರುವವರು ಹೇಳುವುದುಂಟು. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ಹಾಕಿದ ಇಂಧನದಲ್ಲಿ ಶೇ 98ಕ್ಕಿಂತ ಹೆಚ್ಚಿನದನ್ನು ಮೊದಲೇ ಸುಟ್ಟಿರುತ್ತದೆ. ಸುಡದೆ ಉಳಿದ ಅಲ್ಪ ಭಾಗದಿಂದ ದೊಡ್ಡ ಲಾಭ ಹುಟ್ಟುವಂತಿಲ್ಲ. ಪ್ರೊಪೇನ್ ಕೂಡ ಒಂದು ಇಂಧನವೇ. ಅದು ಕೊಟ್ಟ ಶಕ್ತಿಯಷ್ಟು ಡೀಸೆಲ್ಲನ್ನು ನಾವು ಕಡಿಮೆ ಸುಡುತ್ತೇವೆ, ಅಷ್ಟೇ. ಹೆಚ್ಚಿದ ಶಕ್ತಿಯನ್ನು ವೇಗಕ್ಕೆ ಬಳಸದೆ ಆಕ್ಸಿಲರೇಟರ್ ಮೇಲಿನ ಕಾಲನ್ನು ಸಡಿಲಿಸಿದವರಿಗೆ ಮಾತ್ರ ಉಳಿತಾಯ.

ಈಗ ಲೆಕ್ಕ. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪ್ರೊಪೇನ್‌ನಲ್ಲಿ ಒಂದು ಗ್ಯಾಲನ್ ಡೀಸೆಲ್‌ನ ಸುಮಾರು ಮೂರರಲ್ಲಿ ಎರಡು ಭಾಗ ಶಕ್ತಿ ಇರುತ್ತದೆ. ಆದ್ದರಿಂದ ಪ್ರೊಪೇನ್‌ನ ಗ್ಯಾಲನ್ ಬೆಲೆ ಡೀಸೆಲ್ ಬೆಲೆಯ ಶೇ 65ಕ್ಕಿಂತ ಕೆಳಗಿದ್ದರೆ ಮಾತ್ರ ಮುಂದುವರಿಯುವುದರಲ್ಲಿ ಅರ್ಥವಿದೆ. ಉದಾಹರಣೆಗೆ, ಗ್ಯಾಲನ್ನಿಗೆ 15 ಮೈಲಿ ಕೊಡುವ ಟ್ರಕ್ಕನ್ನು ವರ್ಷಕ್ಕೆ 20,000 ಮೈಲಿ ಓಡಿಸಿದರೆ ಸುಮಾರು 1,333 ಗ್ಯಾಲನ್ ಡೀಸೆಲ್ ಬೇಕಾಗುತ್ತದೆ. ಅದರಲ್ಲಿ ಶೇ 20ರಷ್ಟು ಶಕ್ತಿಯನ್ನು ಪ್ರೊಪೇನ್‌ನಿಂದ ಪಡೆದರೆ 267 ಗ್ಯಾಲನ್ ಡೀಸೆಲ್ ಉಳಿಯುತ್ತದೆ, ಬದಲಿಗೆ ಸುಮಾರು 407 ಗ್ಯಾಲನ್ ಪ್ರೊಪೇನ್ ಖರ್ಚಾಗುತ್ತದೆ. ಡೀಸೆಲ್ 4 ಡಾಲರ್, ಪ್ರೊಪೇನ್ 2 ಡಾಲರ್ ಎಂದು ಹಿಡಿದರೆ ವರ್ಷಕ್ಕೆ ಉಳಿಯುವುದು ಸುಮಾರು 250 ಡಾಲರ್. ಪ್ರೊಪೇನ್ 3 ಡಾಲರ್ ಆದರೆ ಕೈಯಿಂದಲೇ 150 ಡಾಲರ್ ಹೆಚ್ಚು ಹೋಗುತ್ತದೆ. ಕಿಟ್, ಟ್ಯಾಂಕ್ ಮತ್ತು ಕೂಲಿ ಸೇರಿ 2,000 ಡಾಲರ್ ಬಿದ್ದರೆ, ಮೊದಲ ಲೆಕ್ಕದಂತೆ ಹಾಕಿದ ಹಣ ಮರಳಲು ಸುಮಾರು ಎಂಟು ವರ್ಷ ಬೇಕು. ನಿಮ್ಮ ಊರಿನ ಬೆಲೆಯನ್ನೂ ನಿಮ್ಮ ಓಡಾಟವನ್ನೂ ಇಟ್ಟು ಈ ಲೆಕ್ಕವನ್ನು ಮಾಡಿ ನೋಡಿ. ವರ್ಷವಿಡೀ ಭಾರ ಎಳೆಯುವವರಿಗೆ, ಪ್ರೊಪೇನ್ ಸಗಟಾಗಿ ಸಿಗುವ ರೈತರಿಗೆ ಇದು ಕೂಡಿಬರಬಹುದು. ಪೇಟೆಯೊಳಗೆ ಓಡಾಡುವವರಿಗೆ ಕೂಡಿಬರುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾನೂನನ್ನೂ ಮೊದಲೇ ನೋಡಿಕೊಳ್ಳಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ, ಶುದ್ಧ ಗಾಳಿ ಕಾಯ್ದೆಯ ಅಡಿಯಲ್ಲಿ ವಾಹನದ ಹೊಗೆ ನಿಯಂತ್ರಣ ವ್ಯವಸ್ಥೆಗೆ ಕೈಹಾಕುವುದನ್ನು ನಿಷೇಧಿಸಿದೆ. ಬದಲಿ ಇಂಧನದ ಕಿಟ್‌ಗಳಿಗೆಂದೇ ಅದರ ಪ್ರತ್ಯೇಕ ನಿಯಮಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಆ ರಾಜ್ಯದ ವಾಯು ಮಂಡಳಿಯ ಅನುಮತಿಯೂ ಇರಬೇಕು. ಆದ್ದರಿಂದ ನಿಮ್ಮ ಎಂಜಿನ್ ಮಾದರಿಗೆ ಮತ್ತು ವರ್ಷಕ್ಕೆ ಹೊಂದುವ ದಾಖಲೆಯುಳ್ಳ ಕಿಟ್ಟನ್ನೇ ಕೊಳ್ಳಿ. 2007ರ ನಂತರದ ಟ್ರಕ್ಕುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಅವುಗಳಿಗೆ ಇದನ್ನು ಜೋಡಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಇನ್ನು ಕರ್ನಾಟಕದಲ್ಲಿ ಇದನ್ನು ಓದಿ ಅಡುಗೆ ಸಿಲಿಂಡರನ್ನು ಲಾರಿಗೆ ಕಟ್ಟುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಕೈಬಿಡಿ. ಮನೆಬಳಕೆಯ ಅನಿಲವನ್ನು ವಾಹನಕ್ಕೆ ಬಳಸುವುದು ನಮ್ಮಲ್ಲಿ ಅಪರಾಧ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮನಸ್ಸಿಗೆ ಬಂದಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ.

ಜೋಡಣೆಯಲ್ಲಿ ಮೊದಲನೆಯದು ಟ್ಯಾಂಕ್. ಬಾರ್ಬೆಕ್ಯೂ ಒಲೆಗೆ ಬಳಸುವ 20 ಪೌಂಡ್ ಸಿಲಿಂಡರ್ ಈ ಕೆಲಸಕ್ಕೆ ತಯಾರಾದದ್ದಲ್ಲ; ಮೇಲಾಗಿ ಒಲೆಗೆಂದು ಮಾರುವ ಪ್ರೊಪೇನ್ ಮೇಲೆ ರಸ್ತೆ ತೆರಿಗೆ ಕಟ್ಟಿರುವುದಿಲ್ಲ. ವಾಹನದ ಇಂಧನಕ್ಕೆಂದೇ ತಯಾರಿಸಿದ, ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಮುದ್ರೆಯುಳ್ಳ ಟ್ಯಾಂಕನ್ನು ಚಾಸಿಗೆ ಭದ್ರವಾಗಿ ಬಿಗಿಯಬೇಕು. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಟ್ಯಾಂಕನ್ನು ಶೇ 80ಕ್ಕಿಂತ ಹೆಚ್ಚು ತುಂಬಿಸುವಂತಿಲ್ಲ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದರೆ ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಟ್ಯಾಂಕಾಗಲಿ ಅದರ ಸುರಕ್ಷಾ ವಾಲ್ವಿನ ಬಾಯಾಗಲಿ ಕ್ಯಾಬಿನ್ ಒಳಗೆ ಇರಲೇಬಾರದು. ಇಂಧನವಾಗಿ ಎಚ್‌ಡಿ 5 ದರ್ಜೆಯದನ್ನೇ ಕೇಳಿ, ಅದರಲ್ಲಿ ಕನಿಷ್ಠ ಶೇ 90ರಷ್ಟು ಪ್ರೊಪೇನ್ ಇರುತ್ತದೆ.

ಟ್ಯಾಂಕಿನಿಂದ ಬರುವ ದ್ರವ ಮೊದಲು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವನ್ನು ದಾಟಿ, ಅನಂತರ ವೇಪರೈಸರಿನಲ್ಲಿ ಅನಿಲವಾಗಿ, ರೆಗ್ಯುಲೇಟರಿನಲ್ಲಿ ಒತ್ತಡ ಇಳಿಸಿಕೊಂಡು ಮುಂದೆ ಹೋಗುತ್ತದೆ. ದ್ರವ ಅನಿಲವಾಗುವಾಗ ಸುತ್ತಲಿನ ಬಿಸಿಯನ್ನು ಹೀರುವುದರಿಂದ ವೇಪರೈಸರಿಗೆ ಎಂಜಿನ್‌ನ ಬಿಸಿ ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಕೊಳವೆಯನ್ನು ಕೊಡಬೇಕು. ಓಡುತ್ತಿರುವಾಗ ವೇಪರೈಸರ್ ಮೈಮೇಲೆ ಬಿಳಿಯ ಮಂಜು ಕಟ್ಟಿದರೆ ಕೂಲಂಟ್ ಸಾಲುತ್ತಿಲ್ಲ ಅಥವಾ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಸರಿಪಡಿಸದಿದ್ದರೆ ದ್ರವವೇ ಎಂಜಿನ್ ತಲುಪಬಹುದು. ಎಲ್ಲ ಕೀಲುಗಳಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಒಂದೊಂದನ್ನೂ ಸಾವಧಾನವಾಗಿ ನೋಡಬೇಕು.

ಅನಿಲವನ್ನು ಏರ್ ಫಿಲ್ಟರಿನ ನಂತರ, ಟರ್ಬೊಗೆ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನಕ್ಕೆ) ಮುಂಚೆ ಬಿಟ್ಟರೆ ಟರ್ಬೊದ ಚಕ್ರವೇ ಅದನ್ನು ಗಾಳಿಯೊಡನೆ ಚೆನ್ನಾಗಿ ಬೆರೆಸುತ್ತದೆ. ಇಲ್ಲಿ ಅತ್ಯಂತ ಮುಖ್ಯವಾದದ್ದು ಅನಿಲ ಯಾವಾಗ ಬರಬಾರದು ಎಂಬುದು. ಎಂಜಿನ್ ನಿಂತಿರುವಾಗ ಅನಿಲ ಸೋರಿ ಪೈಪಿನಲ್ಲಿ ತುಂಬಿಕೊಂಡರೆ ಸ್ಟಾರ್ಟ್ ಮಾಡುವಾಗ ಸ್ಫೋಟವಾಗಬಹುದು. ಕಮಿನ್ಸ್ 5.9ರಲ್ಲಿ ಚಳಿಗಾಲದ ಸ್ಟಾರ್ಟಿಗಾಗಿ ಒಳಬರುವ ಗಾಳಿಯನ್ನು ಕಾಯಿಸುವ ವಿದ್ಯುತ್ ಹೀಟರ್ ಇದ್ದು, ಅದರ ಕೆಂಪಗೆ ಕಾದ ತಂತಿಯ ಮೇಲೆ ಪ್ರೊಪೇನ್ ಹಾಯಲೇಬಾರದು. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ ಕಾರಣ, ಕಾಲು ತೆಗೆದ ಮೇಲೂ ಅನಿಲ ಬರುತ್ತಿದ್ದರೆ ಎಂಜಿನ್ ಹಿಡಿತ ತಪ್ಪಿ ಓಡಬಹುದು. ಆದ್ದರಿಂದ ಸೊಲೆನಾಯ್ಡ್ ವಾಲ್ವಿಗೆ ಬರುವ ವಿದ್ಯುತ್ತು ಕೀಲಿಯ ಸ್ವಿಚ್, ಆಯಿಲ್ ಒತ್ತಡದ ಸ್ವಿಚ್, ಟರ್ಬೊ ಒತ್ತಡದ ಸ್ವಿಚ್ ಈ ಮೂರನ್ನೂ ಸರಣಿಯಲ್ಲಿ ದಾಟಿ ಬರುವಂತಿರಬೇಕು. ಮೂರರಲ್ಲಿ ಒಂದು ಕಡಿದರೂ ಅನಿಲ ನಿಲ್ಲಬೇಕು. ಹೀಟರ್ ಉರಿಯುವಾಗ ವಾಲ್ವ್ ತೆರೆಯದಂತೆ ಪ್ರತ್ಯೇಕ ರಿಲೇ ಹಾಕಿಸಿ. ಈ ವೈರಿಂಗನ್ನು ಅನಿಲದ ಕೆಲಸದಲ್ಲಿ ಪರವಾನಗಿ ಪಡೆದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ ಎಂದು ಒತ್ತಿ ಹೇಳುತ್ತೇನೆ.

ಪ್ರಮಾಣ ಹೊಂದಿಸುವುದಕ್ಕೆ ತಾಳ್ಮೆ ಬೇಕು. ಗಾಳಿಯಲ್ಲಿ ಪ್ರೊಪೇನ್ ಶೇ 2.1ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ಸ್ಥಿತಿಯಲ್ಲಿ ಉರಿ ಹರಡುವುದಿಲ್ಲ. ಐಡ್ಲಿಂಗಿನಲ್ಲೂ ಹಗುರ ಓಟದಲ್ಲೂ ಡೀಸೆಲ್ ಸಿಂಪರಣೆ ಚಿಕ್ಕದಾಗಿರುವುದರಿಂದ, ಅದರಿಂದ ದೂರ ಉಳಿದ ಪ್ರೊಪೇನ್ ಸುಡದೆ ಹೊಗೆ ಕೊಳವೆಯಲ್ಲಿ ಹೊರಟುಹೋಗುತ್ತದೆ. ಆದ್ದರಿಂದ ಟರ್ಬೊ ಒತ್ತಡ ಸುಮಾರು 5 ಪಿಎಸ್ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ದಾಟಿದ ಮೇಲೆ ಅನಿಲ ತೆರೆಯುವಂತೆ ಇಡುವುದು ಒಳ್ಳೆಯದು. ಇನ್ನೊಂದು ತುದಿಯಲ್ಲಿ, ಭಾರ ಎಳೆದುಕೊಂಡು ಘಟ್ಟ ಹತ್ತುವಾಗ ಪ್ರೊಪೇನ್ ಹೆಚ್ಚಾದರೆ ಅದು ಒಮ್ಮೆಗೇ ಉರಿದು ಎಂಜಿನ್ ಬಡಿಯತೊಡಗುತ್ತದೆ; ಹೆಡ್ ಗ್ಯಾಸ್ಕೆಟ್ ಮತ್ತು ಪಿಸ್ಟನ್ ಹಾಳಾಗುವುದು ಹೀಗೆಯೇ. ಅತಿ ಕಡಿಮೆ ಹರಿವಿನಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಒಟ್ಟು ಶಕ್ತಿಯ ಶೇ 20ರೊಳಗೇ ನಿಲ್ಲಿಸಿ. ಟರ್ಬೊಗೆ ಮುಂಚಿನ ಹೊಗೆಯ ಬಿಸಿಯನ್ನು ತೋರಿಸುವ ಪೈರೋಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಆ ಬಿಸಿ 675 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅನಿಲವನ್ನು ಇಳಿಸಬೇಕು. ಬಡಿತ ಕಿವಿಗೆ ಬಿದ್ದರೆ ಕೂಡಲೇ ನಿಲ್ಲಿಸಬೇಕು.

ಫಲವನ್ನು ಅಳೆಯುವಾಗ ಡೀಸೆಲ್ ಮೈಲೇಜೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ಅದೇ ರಸ್ತೆ, ಅದೇ ಹೊರೆ, ಅದೇ ವೇಗದಲ್ಲಿ ಅನಿಲವಿಲ್ಲದೆ ಕೆಲವು ಟ್ಯಾಂಕ್, ಅನಿಲದೊಡನೆ ಕೆಲವು ಟ್ಯಾಂಕ್ ಓಡಿಸಿ, ಎರಡೂ ಇಂಧನಗಳ ಬಿಲ್ಲುಗಳನ್ನು ಕೂಡಿಸಿ, ಮೈಲಿಗೆ ಎಷ್ಟು ಬಿದ್ದಿತೆಂದು ಹೋಲಿಸಿ. ಪ್ರೊಪೇನ್ ಬೆಲೆ ಸಾಮಾನ್ಯವಾಗಿ ಚಳಿಗಾಲದಲ್ಲಿ ಏರುವುದರಿಂದ ಈ ಹೋಲಿಕೆಯನ್ನು ಋತು ಬದಲಾದಾಗ ಮತ್ತೆ ಮಾಡಬೇಕು. ಬೆಲೆ ಶೇ 65ರ ಗೆರೆಯನ್ನು ದಾಟಿದ ತಿಂಗಳುಗಳಲ್ಲಿ ಟ್ಯಾಂಕಿನ ಕೈ ವಾಲ್ವನ್ನು ಮುಚ್ಚಿ ಬರಿಯ ಡೀಸೆಲ್ಲಿನಲ್ಲೇ ಓಡಿಸಿ.