ಫ್ರೆಂಚ್ ಮಾತಾಡೋ ಹುಡುಗರಿಗೆ ಇಂಗ್ಲಿಷ್ ಪದ ಹೇಳ್ಕೊಡೋದು ಹೇಗೆ

ನಮ್ಮ ಕಮ್ಮನಹಳ್ಳಿ ಮನೆ ಮೇಲ್ಗಡೆ ಕಾಂಗೋದಿಂದ ಓದೋಕೆ ಬಂದಿರೋ ಹುಡುಗ ಬಾಡಿಗೆಗಿದಾನೆ, ಫ್ರೆಂಚಲ್ಲೇ ಓದಿ ಬೆಳೆದೋನು, ಸಂಜೆ ಹೊತ್ತು ನಾನೇ ಇಂಗ್ಲಿಷ್ ಹೇಳ್ಕೊಡೋದು. ಮೊದ್ಲು ದಿನಕ್ಕೆ 20 ಪದ ಬರ್ಕೊಟ್ಟು ಬಾಯಿಪಾಠ ಮಾಡಪ್ಪಾ ಅಂದೆ, ವಾರ ಕಳಿಯೋಷ್ಟ್ರಲ್ಲಿ ಎಲ್ಲಾ ಮಂಗಮಾಯ. ಒಂದಿನ ಕ್ಯಾಬ್ ಡ್ರೈವರ್ ಫೋನ್ ಮಾಡಿ ಲೊಕೇಶನ್ ಕಳ್ಸಿ ಅಂದಿದಾನೆ, ಇವ್ನು ಗಾಬರಿಯಿಂದ ಕೆಳಗಿಳಿದು ಬಂದು ಅವನಿಗ್ಯಾಕೆ ನನ್ನ ರೆಂಟಲ್ ಅಗ್ರಿಮೆಂಟು ಅಂತ ನನ್ನೇ ಕೇಳ್ತಾನೆ! ಫ್ರೆಂಚಲ್ಲಿ ಅದೇ ಸ್ಪೆಲ್ಲಿಂಗಿನ ಪದಕ್ಕೆ ಬಾಡಿಗೆ ಅಂತ ಅರ್ಥ.

ಅವತ್ತೇ ಗೊತ್ತಾಗಿದ್ದು, ಇವ್ರಿಗೆ ತಾಪತ್ರಯ ಗೊತ್ತಿಲ್ಲದ ಪದದ್ದಲ್ಲ, ಗೊತ್ತು ಅನ್ಸೋ ಪದದ್ದು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯೋರು ಇಂಗ್ಲೆಂಡ್ ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದ ಇಂಗ್ಲಿಷಿಗೆ ಬಂದ್ವು, ಬೀಫ್ ಮಟನ್ ಎಲ್ಲಾ ಅಲ್ಲಿಂದ್ಲೇ. ಆದ್ರೆ ಎಷ್ಟೋ ಪದದ ಅರ್ಥ ಅಲ್ಲೊಂದು ಇಲ್ಲೊಂದು. ಹಿಂದೀಲಿ ಶಿಕ್ಷಾ ಅಂದ್ರೆ ಓದು, ನಮಗೆ ಶಿಕ್ಷೆ ಅಂದ್ರೆ ಬೇರೇನೇ ಅಲ್ವಾ, ಹಂಗೆ.

ಅದಕ್ಕೆ ಪದಾನ ಒಂಟಿಯಾಗಿ ಕೊಡ್ಬೇಡಿ, ಜಾಗದ ಜೊತೆ ಕೊಡಿ. ಲೈಬ್ರರಿ ತಗೊಳ್ಳಿ. ಫ್ರೆಂಚಿನ ಲಿಬ್ರೆರಿ ಅಂದ್ರೆ ಪುಸ್ತಕದ ಅಂಗಡಿ. ನಾನು ಇವನನ್ನ ಚರ್ಚ್ ಸ್ಟ್ರೀಟಿಗೆ ಕರ್ಕೊಂಡೋಗಿ ಪುಸ್ತಕ ಕೊಡಿಸ್ದೆ, ಇದು ಬುಕ್‌ಶಾಪ್, ದುಡ್ಡು ಕೊಟ್ವಿ. ಅಲ್ಲಿಂದ ನಡ್ಕೊಂಡು ಕಬ್ಬನ್ ಪಾರ್ಕಲ್ಲಿರೋ ಆ ಕೆಂಪು ಕಟ್ಟಡದ ಸ್ಟೇಟ್ ಸೆಂಟ್ರಲ್ ಲೈಬ್ರರಿ, ಸುಮ್ನೆ ಕೂತು ಪೇಪರ್ ಓದಿದ್ವಿ, ದುಡ್ಡಿಲ್ಲ. ಮನೆಗೆ ಬಂದು ಎರಡೂ ಪದ ಹಾಕಿ ಅವತ್ತಿನ ಕತೆ ಅವನೇ ನಾಕು ಸಾಲು ಬರ್ದ, ಮತ್ತೆ ಯಾವತ್ತೂ ತಪ್ಪಿಲ್ಲ.

ನೋಟ್‌ಬುಕ್ಕಲ್ಲಿ ಪದದ ಮುಂದೆ ಫ್ರೆಂಚ್ ಅರ್ಥ ಬರೆಯೋಕೆ ಬಿಡ್ಬೇಡಿ, ಪೂರ್ತಿ ವಾಕ್ಯ ಬರೆಸಿ, ಅದೂ ಅವ್ರಿಗೇ ಆಗಿದ್ದು. ಎರಡ್ಮೂರು ದಿನ ಬಿಟ್ಟು ಪದ ಮುಚ್ಚಿ ಜಾಗ ಖಾಲಿ ಬಿಟ್ಟು ಕೇಳಿ. ಕ್ಲಾಸಿಗೆ ಹೋಗಿದ್ದೆ ಅನ್ನೋಕೆ ಐ ಅಸಿಸ್ಟೆಡ್ ದ ಕ್ಲಾಸ್ ಅಂತಾರೆ, ಯಾಕಂದ್ರೆ ಅವರ ಆಸಿಸ್ತೆಗೆ ಹಾಜರಾಗೋದು ಅಂತಾನೂ ಅರ್ಥ. ವಯಸ್ಸು ಕೇಳಿದ್ರೆ ಐ ಹ್ಯಾವ್ 20 ಇಯರ್ಸ್. ಇಂಥದ್ದಕ್ಕೆ ಗ್ರಾಮರ್ ಪಾಠ ಬೇಡ, ಸರಿ ವಾಕ್ಯ ನಾವು ಮತ್ತೆ ಹೇಳೋದು, ಅವ್ರು ಹೇಳೋದು, ಅಷ್ಟೇ.

ಬಿಎಂಟಿಸಿ ಬಸ್ಸೂ ಒಳ್ಳೆ ಕ್ಲಾಸ್‌ರೂಮು. ಇವ್ನು 500ರ ನೋಟು ಹಿಡ್ಕೊಂಡು ಐ ಹ್ಯಾವ್ ನೋ ಮನಿ ಅಂದಾಗ ಕಂಡಕ್ಟರ್ ಮುಖ ನೋಡ್ಬೇಕಿತ್ತು, ಫ್ರೆಂಚಿನ ಮೊನೆ ಅಂದ್ರೆ ಚಿಲ್ರೆ. ಈಗ ಕಂಡಕ್ಟರ್ ಬರೋದ್ರೊಳಗೇ ಚೇಂಜ್ ಇದ್ಯಾ ಅಂತ ನನ್ನ ಕೇಳ್ತಾನೆ.

ಹಾಂ, ಉಚ್ಚಾರಣೆಗೆ ತಲೆ ಕೆಡಿಸ್ಕೋಬೇಡಿ. ಅವ್ರ ಬಾಯಲ್ಲಿ ಹಾಸ್ಪಿಟಲ್ ಆಸ್ಪಿಟಲ್ ಆಗುತ್ತೆ, ನಮ್ಮ ಮಂಡ್ಯ ಕಡೆ ಹಾಲು ಆಲಾಗಲ್ವಾ.